ದಣಿವಿನ ಮುಯ್ಯಿ

ಅಂದು ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಗುಡ್ಡದ ಸಾಲಿನ ಗಾಳಿಯಂತ್ರಗಳಿಗೆ ಕಾಲಷ್ಟೇ ಇದ್ದವು, ತಲೆ ಇರಲಿಲ್ಲ. ಗಾಳಿ ಎಲ್ಲೋ ಬಿದ್ದು ಮಲಗಿತ್ತು. ರಸ್ತೆಯ ಎರಡೂ ಬದಿ ಕಡಲೆ ಹೊಲ, ಎಲೆ ಎಲೆಯ ಮೇಲೂ ಇಬ್ಬನಿ. ಧಾರವಾಡದಿಂದ ನಸುಕಿನಲ್ಲೇ ಹೊರಟಿದ್ದ ಡಾ. ಶಮೀಮ್ ನದಾಫ ಜೀಪಿನ ಗಾಜು ಇಳಿಸಿದಳು. ಮುಖಗವಸಿನೊಳಗೂ ಕಡಲೆಯ ಹುಳಿವಾಸನೆ ನುಗ್ಗಿತು. ಇಂಥ ದಿನಗಳಲ್ಲಿ ಅವಳ ಅಜ್ಜಿ ಹೊಲದ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದ ಬಟ್ಟೆಯನ್ನು ಹಿಂಡಿ, ಆ ಹುಳಿಯನ್ನು ಶೀಸೆಯಲ್ಲಿ ತುಂಬಿಡುತ್ತಿದ್ದಳು. ಹೊಟ್ಟೆನೋವೆಂದು ಬಂದವರಿಗೆಲ್ಲ ಒಂದು ಚಮಚ. ಗಿಡದ ಹುಳಿ ಬಟ್ಟೆಗೆ, ಬಟ್ಟೆಯದು ಶೀಸೆಗೆ, ಶೀಸೆಯದು ಮನುಷ್ಯನ ಹೊಟ್ಟೆಗೆ. ಒಂದರಲ್ಲಿದ್ದದ್ದು ಇನ್ನೊಂದಕ್ಕೆ ಹೋಗಿ ಸೇರುತ್ತದೆ ಎಂಬ ಸೋಜಿಗ ಶಮೀಮಳಿಗೆ ಹತ್ತಿದ್ದು ಬಹುಶಃ ಅಲ್ಲಿಂದಲೇ.

ಈಗ ಅವಳು ಹೊರಟಿದ್ದೂ ಅಂಥದೇ ಸೋಜಿಗದ ಬೆನ್ನು ಹತ್ತಿ.

ಬೂದುಜ್ವರ ನಾಡಿಗೆ ಕಾಲಿಟ್ಟು ಎರಡನೆಯ ವರ್ಷ ನಡೆದಿತ್ತು. ಶಾಲೆಗಳಿಗೆ ಬೀಗ ಬಿದ್ದಿತ್ತು, ಆದರೆ ಶಿಕ್ಷಕರಿಗೆ ಬಿಡುವು ಬಂದಿರಲಿಲ್ಲ. ಮುಂಜಾನೆ ಫೋನಿನಲ್ಲಿ ಪಾಠ ಹೇಳಿ, ಮನೆಮನೆ ತಿರುಗಿ ಜ್ವರ ನೋಡಿ, ರೇಷನ್ ಹಂಚಿ, ಶಾಲೆಯ ಕೋಣೆಗಳಲ್ಲೇ ನಡೆಯುತ್ತಿದ್ದ ಆರೈಕೆ ಕೇಂದ್ರಕ್ಕೆ ಕಾವಲಿದ್ದು, ಅದೆಲ್ಲದರ ವರದಿ ಕಳಿಸುವಷ್ಟರಲ್ಲಿ ದಿನ ಕಳೆದುಹೋಗುತ್ತಿತ್ತು. ನಾಳೆ ಮತ್ತೆ ಅದೇ. ಜ್ವರ ತಗಲದ ಶಿಕ್ಷಕರೇ ಒಬ್ಬೊಬ್ಬರಾಗಿ ಕುಸಿಯತೊಡಗಿದರು. ಮೈ ಬಿಸಿ ಇಲ್ಲ, ಕೆಮ್ಮು ಇಲ್ಲ. ಸುಮ್ಮನೆ ಗೋಡೆ ನೋಡುತ್ತ ಕೂತುಬಿಡುವುದು. ಮಗು ಬಂದು ಮಾತಾಡಿಸಿದರೆ ಕಣ್ಣು ತುಂಬಿಕೊಳ್ಳುವುದು.

ಧಾರವಾಡದ ಹೊರಗಿನ ಒಂದು ಸಣ್ಣ ಪ್ರಯೋಗಾಲಯ ಇದಕ್ಕೆ ಒಂದು ಉಪಾಯ ಹುಡುಕಿತ್ತು. ದಣಿವು ಕೈಕಾಲಲ್ಲಿ ಇದ್ದಂತೆ ಕಂಡರೂ ಅದರ ಬೇರು ಮಿದುಳಿನ ಬುಡದಲ್ಲಿ ನಿಧಾನವಾದ ಒಂದು ಅಲೆಯಾಗಿ ಆಡುತ್ತಿರುತ್ತದೆ ಎಂದು ಅಲ್ಲಿನವರು ಕಂಡುಕೊಂಡಿದ್ದರು. ಕತ್ತಿನ ಹಿಂಭಾಗಕ್ಕೆ ಕಟ್ಟುವ ಎರಡು ಪಟ್ಟಿಗಳು. ಒಂದು ದಣಿದವರಿಗೆ, ಇನ್ನೊಂದು ಹಗುರಾಗಿದ್ದವರಿಗೆ. ಇಬ್ಬರೂ ಒಂದೇ ಅಂಗಳದಲ್ಲಿ ಕೂತರೆ ಸಾಕು, ಎತ್ತರದ ಹೊಲದಿಂದ ತಗ್ಗಿನ ಹೊಲಕ್ಕೆ ನೀರು ಇಳಿದ ಹಾಗೆ ಅಲೆ ಭಾರವಿದ್ದವರಿಂದ ಹಗುರಿದ್ದವರ ಕಡೆಗೆ ಇಳಿಯುತ್ತಿತ್ತು. ಹೊತ್ತವರು ಒಂದು ದಿನ ಮಲಗಿ ಎದ್ದರೆ ಸರಿಹೋಗುತ್ತಾರೆ ಎಂಬುದು ಲೆಕ್ಕಾಚಾರ. ಜನ ಅದಕ್ಕೆ ಹೆಗಲುಪಟ್ಟಿ ಎಂದು ಹೆಸರಿಟ್ಟರು. ನಿಯಮ ಒಂದೇ: ಇಳಿಸಿದ ಭಾರವನ್ನು ಮತ್ತೆ ಹೊರಬಾರದು.

ಎಲ್ಲ ಊರುಗಳಲ್ಲೂ ಅದು ನಡೆದಿತ್ತು, ಕಣವಿಹಾಳ ಒಂದನ್ನು ಬಿಟ್ಟು. ಅಲ್ಲಿನ ಶಾಲೆಯ ಏಕೈಕ ಶಿಕ್ಷಕಿ ಮಹಾನಂದಾ ಬಡಿಗೇರ ಅವರ ದಣಿವಿನ ಗೆರೆ ಪ್ರಯೋಗಾಲಯದ ಪರದೆಯ ಮೇಲೆ ಬೆಳಿಗ್ಗೆ ಇಳಿಯುತ್ತಿತ್ತು. ಸಂಜೆ ಮತ್ತೆ ಏರಿ ಕೂತಿರುತ್ತಿತ್ತು. ದಿನಾ ಹೀಗೇ, ಬಾವಿಯಲ್ಲಿ ಕೊಡ ಬಿಟ್ಟು ಎಳೆದ ಹಾಗೆ.

"ಪಟ್ಟಿ ಕೆಟ್ಟೈತಿ," ಎಂದಿದ್ದರು ನಿರ್ದೇಶಕರಾದ ಡಾ. ದೊಡ್ಡಮನಿ.

"ಎರಡು ಸರ್ತಿ ಬದಲಿ ಮಾಡೇನ್ರಿ ಸರ್."

"ಹಂಗಾರ ಅಕ್ಕೋರ ಕೆಟ್ಟಾರ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಸೀಮೆಯಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. "ನಗಬ್ಯಾಡ, ಶಮೀಮ್. ಸೋಮವಾರ ಸಾಲಿ ತೆರೀತಾವ. ಅವತ್ತು ಮುಂಜಾನಿ ಗೆರಿ ಕೆಂಪು ಗುರ್ತಿನ ಮ್ಯಾಲಿದ್ರ ಅವರನ್ನ ಕಾಯಂ ಮನಿಗೆ ಕಳಸ್ತಾರ. ಇಲಾಖೆ ಆದೇಶ ಐತಿ. ಅಂಕಿ ತಗಿಯಾಕಿ ನೀನ. ನಾಳೆ ಹೋಗಿ ನೋಡ್ಕೊಂಡು ಬಾ."

ಪರದೆಯಲ್ಲಿ ಇನ್ನೊಂದು ಗೆರೆಯೂ ಇತ್ತು, ನಿದ್ದೆಯದು. ಅದನ್ನು ದೊಡ್ಡಮನಿಯವರು ನೋಡಿರಲಿಲ್ಲ. ಭಾರ ಏರಿದ ಮೇಲೂ ಅಕ್ಕೋರು ಹಸುಗೂಸಿನಂತೆ ಮಲಗುತ್ತಿದ್ದರು. ಶಮೀಮಳನ್ನು ಜೀಪು ಹತ್ತಿಸಿದ್ದು ಅದು.

*

ಅಕ್ಕೋರ ಮನೆ ಮುಂದೆ ಅವರ ಗಂಡ ಮೌನೇಶಪ್ಪ ಬಾಚಿ ಹಿಡಿದು ನೊಗ ಕೆತ್ತುತ್ತಿದ್ದ. ಹೆಸರಿಗಷ್ಟೇ ಮೌನ.

"ಬರ್ರಿ ಮೇಡಮ್ಮಾರ, ಕುಂದರ್ರಿ. ನಾನೂ ನೊಗಾ ಮಾಡ್ತೀನಿ, ನೀವೂ ನೊಗಾ ಮಾಡ್ತೀರಿ. ನಂದು ಎತ್ತಿಗೆ, ನಿಮ್ದು ಮನಷಾರಿಗೆ. ನಂದಕ್ಕ ಬ್ಯಾಟ್ರಿ ಬ್ಯಾಡ, ಅಷ್ಟ ಫರಕು."

"ಸುಮ್ನ ಕೆಲಸ ಮಾಡ್ರಿ," ಒಳಗಿನಿಂದ ಅಕ್ಕೋರ ದನಿ ಬಂತು. ಆಮೇಲೆ ಅವರೇ ಬಂದರು. ನಲವತ್ತು ದಾಟಿದ, ಎತ್ತರದ ಹೆಂಗಸು. ಹಣೆಯ ಮೇಲಿನ ವಿಭೂತಿ ಇನ್ನೂ ಆರಿರಲಿಲ್ಲ. ಚಹಾ ಕೊಟ್ಟರು, ದೂರದಲ್ಲಿ ಕೂತರು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದರು. ಸರಿಯಾಗಿ ಎಂದರೆ, ವರದಿ ಓದಿದ ಹಾಗೆ.

"ನಿಮಗ ಏನು ಆಗತೈತಿ, ಅದನ್ನ ಹೇಳ್ರಿ ಅಕ್ಕೋರ."

ಅಕ್ಕೋರು ಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸಿದರು. "ಮೊದ್ಲ ನಮ್ಮ ಹುಡುಗ್ರು ಯಾಕ ಅಂತ ಕೇಳಿದ್ರ ನನಗ ಹಬ್ಬ ಆಗ್ತಿತ್ತು. ಇರವಿ ಸಾಲಾಗಿ ಯಾಕ ಹೋಗ್ತಾವ, ಚಂದ್ರ ನಮ್ಮ ಹಿಂದ ಯಾಕ ಬರ್ತಾನ... ಉತ್ತರ ಗೊತ್ತಿಲ್ಲಂದ್ರೂ ಕೂಡಿ ಹುಡುಕ್ತಿದ್ವಿ. ಈಗ ಫೋನಿನ್ಯಾಗ ಯಾರರ ಯಾಕ ಅಂದ್ರ ಕಿವಿ ಮುಚ್ಚಿಕೊಳ್ಳೂಣು ಅನಸ್ತೈತಿ. ಒಮ್ಮೆ ಫೋನ ಇಟ್ಟುಬಿಟ್ನಿ. ಕೂಸು ಇನ್ನಾ ಮಾತಾಡಾಕತ್ತಿತ್ತು." ಅವರು ಬಟ್ಟಲನ್ನು ನೆಲಕ್ಕಿಟ್ಟರು. "ಯಾಕ ಅನ್ನೂ ಮಾತು ಕೇಳಲಾರದಾಕಿ ಅಕ್ಕೋರು ಹೆಂಗಾದಾಳ್ರಿ? ಸೋಮವಾರ ನೀವು ಅಂಕಿ ಬರದು ಮನಿಗೆ ಕಳಸಿದ್ರ ತಪ್ಪಲ್ಲ ಬಿಡ್ರಿ. ಆದ್ರ ನನಗ ಹೋಗಾಕ ಮನಸಿಲ್ಲ."

ಮೌನೇಶಪ್ಪನ ಬಾಚಿಯ ಸದ್ದು ನಿಂತಿತ್ತು.

ಬಿಸಿಲು ಏರುವ ಮುನ್ನ ಅಂಗಳಕ್ಕೆ ಮೂವರು ಹೆಂಗಸರು ಬಂದರು, ಸೆರಗನ್ನು ಮೂಗಿಗೆ ಕಟ್ಟಿಕೊಂಡು. ಎಲ್ಲರೂ ಶಾಲೆಯ ಮಕ್ಕಳ ತಾಯಂದಿರು, ಮುಂದಿದ್ದವಳು ಫಕೀರವ್ವ. ಪಟ್ಟಿ ಕಟ್ಟಿಕೊಂಡು ಒಬ್ಬೊಬ್ಬರೂ ಅಕ್ಕೋರ ಭಾರವನ್ನು ಒಂದಿಷ್ಟಿಷ್ಟು ಇಳಿಸಿಕೊಂಡರು. ಶಮೀಮಳ ಕೈಯಲ್ಲಿದ್ದ ಸಣ್ಣ ಪರದೆಯಲ್ಲಿ ಗೆರೆ ನೇರ ಕೆಳಗಿಳಿಯಿತು. ಯಂತ್ರ ಸರಿಯಾಗಿಯೇ ಇತ್ತು. ಹೆಂಗಸರು ಎದ್ದು, ಮಲಗಲು ಹೋಗುವುದು ಬಿಟ್ಟು ಹೊಲಕ್ಕೆ ಹೊರಟರು. ಕಡಲೆ ಕೀಳುವ ಕಾಲ, ಯಾರು ಮಲಗುತ್ತಾರೆ?

ಕುರುಹು ಸಿಕ್ಕಿದ್ದು ಸಂಜೆಗೆ. ಹೊಲದಿಂದ ಬಂದ ಹೆಂಗಸರು ಮನೆಗೆ ಹೋಗದೆ ಸೀದಾ ಅದೇ ಅಂಗಳಕ್ಕೆ ಬಂದು ಕೂತರು. ಅಕ್ಕೋರು ಪಟ್ಟಿ ತಂದು, ತಾವೊಂದು ಕಟ್ಟಿಕೊಂಡು, ಇನ್ನೊಂದನ್ನು ಫಕೀರವ್ವನಿಗೆ ಕೊಟ್ಟರು. ಈಗ ಹಗುರಾಗಿದ್ದವರು ಅಕ್ಕೋರು, ಭಾರವಾಗಿದ್ದವಳು ಫಕೀರವ್ವ. ನೀರು ಹಿಂದಕ್ಕೆ ಹರಿಯಿತು. ಶಮೀಮಳ ಪರದೆಯಲ್ಲಿ ಗೆರೆ ಸರಸರ ಏರಿತು.

"ಅಕ್ಕೋರ! ಏನ್ ಮಾಡಾಕತ್ತೀರಿ?"

"ಮುಯ್ಯಿ ತೀರಸಾಕತ್ತೀನ್ರಿ," ಎಂದರು ಅಕ್ಕೋರು, ಅದರಲ್ಲೇನಿದೆ ಎಂಬಂತೆ.

ಇಂದು ನಾನು ನಿನ್ನ ಹೊಲದ ಕೆಲಸಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಅದು ಆ ಸೀಮೆಯ ಮುಯ್ಯಿ. ಕೂಲಿ ಕೊಟ್ಟು ಅದನ್ನು ತೀರಿಸಲಾಗದು, ಕೈಮುಗಿದು ತಪ್ಪಿಸಿಕೊಳ್ಳಲಾಗದು. ಮೈಯಿಂದ ಪಡೆದದ್ದನ್ನು ಮೈಯಿಂದಲೇ ಕೊಡಬೇಕು.

"ನಿಯಮ ಹೇಳಿದ್ದೆ ಅಲ್ರಿ? ಹೊಳ್ಳಿ ಹೊರಬಾರದು ಅಂತ? ಪ್ರಯೋಗ ಎಲ್ಲಾ ಹಾಳಾತಲ್ರೀ!"

"ಹೇಳಿದ್ರಿ. ಆದ್ರ ನನ್ನ ಭಾರ ಇವ್ರು ಹೊತ್ತಾರ. ಇವರದು ನಾ ಹೊರದ ಹೆಂಗ ಉಣ್ಲಿ? ತುತ್ತು ಗಂಟಲಾಗ ಇಳೀತೈತೇನು?"

"ನಾವೂ ಬ್ಯಾಡ ಅಂದ್ವಿ ಬೇ," ಎಂದಳು ಫಕೀರವ್ವ. "ಕೇಳ್ಬೇಕಲ್ಲ? ಸಾಲ್ಯಾಗ ಹುಡುಗ್ರನ್ನ ಬಗ್ಗಿಸಿದಂಗ ನಮ್ಮನ್ನ ಬಗ್ಗಿಸಿ ಕುಂದರಸ್ತಾರ."

ಶಮೀಮಳಿಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟಿನ ಬೆನ್ನಿಗೇ ಆ ನಿದ್ದೆಯ ಗೆರೆ ನೆನಪಾಯಿತು. ಅಂದು ಅವಳು ಅಲ್ಲೇ ಉಳಿದಳು. ಸಜ್ಜೆರೊಟ್ಟಿ, ಪುಂಡಿಪಲ್ಯ ಉಂಡದ್ದೇ ತಡ, ಅಕ್ಕೋರು ಗೋಡೆಗೆ ಒರಗಿದಲ್ಲೇ ನಿದ್ದೆಹೋದರು. "ನೋಡ್ರಿ," ಮೌನೇಶಪ್ಪ ಪಿಸುಗುಟ್ಟಿದ, "ಒಂದು ವರ್ಷ ಈಕಿ ರೆಪ್ಪಿ ಹಚ್ಚಿದ್ದು ನಾ ನೋಡಿರಲಿಲ್ಲ. ಈ ಹೆಣ್ಮಕ್ಕಳ ದಣಿವು ಬಂದ ಮ್ಯಾಲ ಮಲಗಾಕತ್ತಾಳ. ನಿಮ್ಮ ಯಂತ್ರದ ಗುಣಾನೋ, ಕಡ್ಲಿ ಹೊಲದ್ದೋ, ಮೌನೇಶ್ವರನಿಗೆ ಗೊತ್ತು."

ಬೆಳಿಗ್ಗೆ ನೋಡಿದರೆ ಹೆಂಗಸರಿಂದ ಬಂದ ಭಾರ ಅಕ್ಕೋರ ಗೆರೆಯಲ್ಲಿ ಇರಲೇ ಇಲ್ಲ. ನಿದ್ದೆ ಅದನ್ನು ತೊಳೆದು ಹಾಕಿತ್ತು. ಉಳಿದದ್ದು ಅವರ ಸ್ವಂತದ್ದು, ತಳದಲ್ಲಿ ಹೆಪ್ಪುಗಟ್ಟಿ ಕೂತದ್ದು. ಯಂತ್ರಕ್ಕೆ ಎರಡೂ ಒಂದೇ ಅಂಕಿ. ಮನುಷ್ಯರ ಮೈಗೆ ಮಾತ್ರ ಒಂದಲ್ಲ. ಏನು ವ್ಯತ್ಯಾಸ?

ತಿಳಿಯಲು ಇದ್ದದ್ದು ಒಂದೇ ದಾರಿ. ಶಮೀಮ್ ಪಟ್ಟಿಯನ್ನು ತನ್ನ ಕತ್ತಿಗೆ ಕಟ್ಟಿಕೊಂಡಳು.

"ಬ್ಯಾಡ್ರಿ," ಎಂದರು ಅಕ್ಕೋರು. "ನಿಮ್ಮ ಮುಯ್ಯಿ ನಾ ಎಲ್ಲಿ ತೀರಸ್ಲಿ? ನೀವು ಧಾರವಾಡದವರು."

"ಪ್ರಯೋಗಕ್ಕ ಮುಯ್ಯಿ ಇಲ್ರಿ."

ಅಕ್ಕೋರು ಇನ್ನೊಂದು ಪಟ್ಟಿ ಕಟ್ಟಿಕೊಂಡರು.

*

ದಣಿವೆಂದರೆ ಕಾಲು ಸೋಲುವುದು ಎಂದುಕೊಂಡಿದ್ದಳು ಶಮೀಮ್. ಇದು ಹಾಗಿರಲಿಲ್ಲ. ಕಾಲು ನೆಟ್ಟಗೇ ಇದ್ದವು. ಆದರೆ ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದವಳ ತಳಮಳ ಎದೆಯಲ್ಲಿ ತಿರುಗತೊಡಗಿತು. ಎಲ್ಲೋ ಬಾಗಿಲು ತೆರೆದೇ ಬಂದಿದ್ದೇನೆ, ಎಲ್ಲೆಂದು ನೆನಪಿಲ್ಲ. ಅಂಥವು ಎಷ್ಟೋ ಬಾಗಿಲುಗಳು, ಎಲ್ಲವೂ ಗಾಳಿಗೆ ಬಡಿದುಕೊಳ್ಳುತ್ತಿವೆ. ಕೂರಲು ಹೋದರೆ ಏಳಬೇಕೆನ್ನಿಸಿತು, ಎದ್ದರೆ ಯಾವುದಕ್ಕೆ ಎಂದು ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಇನ್ನೂ ಜೋರು. ಈ ಹೆಂಗಸು ಇದನ್ನು ಹೊತ್ತುಕೊಂಡು ಮಗ್ಗಿ ಕಲಿಸುತ್ತಿದ್ದರೇ!

"ಹತ್ತಿತೇನು?" ಫಕೀರವ್ವ ಅವಳ ಮುಖ ನೋಡಿ ನಕ್ಕಳು. "ಕುಂತ್ರ ಹೋಗಂಗಿಲ್ಲ ತಂಗೀ ಅದು. ನಾ ಮೊದಲ ಸರ್ತಿ ಹೊತ್ತ ದಿವಸ ಎರಡು ವರ್ಷದಿಂದ ಮೂಲ್ಯಾಗ ಬಿದ್ದಿದ್ದ ಕೌದಿ ತಗದು ಹೊಲಿದು ಮುಗಿಸಿದ್ನಿ. ನಮ್ಮ ಮನ್ಯಾವ ಹೆದರಿ ದೇವರಿಗೆ ಕಾಯಿ ಒಡಸ್ಕೊಂಡು ಬಂದ, ಹೇಂತಿಗೆ ಏನೋ ಹಿಡದೈತಿ ಅಂತ."

"ಕೌದಿ ಮುಗಿದ ಮ್ಯಾಲ ಏನಾತು?"

"ಏನಾಗ್ತೈತಿ? ಹೊಚ್ಚಿಕೊಂಡು ಮಲಗಿದ್ನಿ!"

ಶಮೀಮ್ ನಗಲಿಲ್ಲ. ಆ ಮಾತನ್ನು ಹಿಡಿದು ಅಲ್ಲೇ ನಿಂತಳು. ಆಮೇಲೆ ಅಕ್ಕೋರ ಕಡೆ ತಿರುಗಿ ಕೇಳಿದಳು: "ಅಕ್ಕೋರ, ನೀವು ಶುರು ಮಾಡಿ ಮುಗಿಸಲಾರದ ಕೆಲಸ ಯಾವ್ದೈತ್ರಿ? ಒಂದು ಹೇಳ್ರಿ. ಸಣ್ಣದು."

"ಸಣ್ಣದು ಯಾವ್ದ್ರಿ," ಅಕ್ಕೋರು ಯೋಚಿಸಿದರು. "ಮಾಳವ್ವ ಅಂತ ಹುಡುಗಿ ಐತಿ, ಕುರುಬರದು. ಗುಡ್ಡದಾಚೆ ಕುರಿಹಟ್ಯಾಗ ಅದಾರ. ಫೋನ ಹತ್ತಂಗಿಲ್ಲ. ನಾಳೆ ಹೋಗೂಣು, ನಾಳೆ ಹೋಗೂಣು ಅಂತ... ಹೋಗಾಕ ಆಗಿಲ್ಲ. ಕೂಸು ಹೆಂಗೈತೋ."

ಶಮೀಮ್, ಫಕೀರವ್ವ ಇಬ್ಬರೂ ಗುಡ್ಡ ಹತ್ತಿದರು. ಮಂಜು ಹರಿದು ಬಿಸಿಲು ಬಿದ್ದಿತ್ತು. ದಾರಿಯುದ್ದಕ್ಕೂ ಆ ಬಾಗಿಲುಗಳು ಶಮೀಮಳ ಎದೆಯಲ್ಲಿ ಬಡಿದುಕೊಳ್ಳುತ್ತಲೇ ಇದ್ದವು. ಗುಡ್ಡದ ಆಚೆ ಮುಳ್ಳುಬೇಲಿಯ ಹಟ್ಟಿ. ಹೆಗಲ ಮೇಲೆ ಎಳೆಮರಿ ಹಾಕಿಕೊಂಡು ನಿಂತಿದ್ದ ಹುಡುಗಿ ಇವರನ್ನು ನೋಡಿ ಹಿಂದೆ ಸರಿದಳು.

"ಮಾಳವ್ವ ನೀನೇನು? ಅಕ್ಕೋರು ಕಳಿಸ್ಯಾರ."

"ಅಕ್ಕೋರು ಸತ್ತಾರಂತ ಹೇಳಿದ್ರಲ್ಲ?" ಎಂದಳು ಹುಡುಗಿ.

ಫಕೀರವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ನಿನ್ನ ಬಾಯಾಗ ಮಣ್ಣ ಹಾಕ! ಯಾವಾಕಿ ಹೇಳಿದ್ಲು? ಗುಂಡಕಲ್ಲಾಗಿ ಅದಾರ. ಸೋಮವಾರ ಸಾಲಿ ಐತಿ, ಬರ್ಬೇಕಂತ."

ಹುಡುಗಿ ಮರಿಯನ್ನು ಕೆಳಗಿಳಿಸಿದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಮುಖ ಮುಚ್ಚಿಕೊಂಡು ಹಟ್ಟಿಯೊಳಗೆ ಓಡಿ ಅವ್ವನನ್ನು ಕರೆತಂದಳು. ಮನೆಯವರೆಲ್ಲರ ಜ್ವರ ನೋಡಿದ್ದಾಯಿತು, ಎಲ್ಲರೂ ನೆಟ್ಟಗಿದ್ದರು. ಕುರಿಹಾಲಿನ ಚಹಾ ಕುಡಿದದ್ದೂ ಆಯಿತು. ಇಳಿಜಾರಿನಲ್ಲಿ ಬರುತ್ತ ಶಮೀಮ್ ಥಟ್ಟನೆ ನಿಂತಳು. ಎದೆಯಲ್ಲಿ ಸದ್ದಿಲ್ಲ. ಯಾರೋ ಬಾಗಿಲುಗಳನ್ನು ಒಂದೊಂದಾಗಿ ಹಾಕಿಕೊಂಡು ಹೋದ ಹಾಗೆ. ಪರದೆ ನೋಡಿದಳು. ಅವಳ ಗೆರೆ ನೆಲಕ್ಕೆ ಬಂದು ಮಲಗಿತ್ತು. ನಿದ್ದೆ ಮಾಡದೆ, ಇನ್ನೊಬ್ಬರಿಗೆ ಇಳಿಸದೆ.

ಅಲ್ಲೇ ಬಂಡೆಯ ಮೇಲೆ ಕೂತು ಅಲೆಗಳ ದಾಖಲೆ ತೆರೆದಳು. ಕಡಲೆ ಕಿತ್ತವರ ಅಲೆ ಏರುತ್ತಿತ್ತು, ತುದಿ ಮುಟ್ಟುತ್ತಿತ್ತು, ದಂಡೆಗೆ ಬಂದು ಒಡೆಯುತ್ತಿತ್ತು. ಅದು ಮುಗಿದ ಕೆಲಸದ ದಣಿವು. ನಿದ್ದೆಯನ್ನು ಕೈಹಿಡಿದು ಕರೆತರುತ್ತದೆ. ಅಕ್ಕೋರ ಅಲೆಗೆ ದಂಡೆಯೇ ಇರಲಿಲ್ಲ. ಅದು ಮುಗಿಯದ ಕೆಲಸದ ದಣಿವು; ಯಾವುದಾದರೊಂದನ್ನು ಕೊನೆ ಮುಟ್ಟಿಸಿದರಷ್ಟೇ ಇಳಿಯುವಂಥದು. ಎರಡು ವರ್ಷ ಈ ನಾಡು ತನ್ನ ಶಿಕ್ಷಕರಿಗೆ ಕೊಟ್ಟ ಕೆಲಸಗಳಲ್ಲಿ ಒಂದಕ್ಕೂ ಕೊನೆ ಇರಲಿಲ್ಲ.

ಬೇರೆ ಊರುಗಳಲ್ಲಿ ಭಾರ ಹೊತ್ತವರು? ಅವರು ಮಲಗಿದ್ದರು, ನಿದ್ದೆ ಬಂದಿರಲಿಲ್ಲ. ಹೇಳಿಕೊಳ್ಳಲು ಸಂಕೋಚವಾಗಿ ಸುಮ್ಮನಿದ್ದರು. ಶಮೀಮ್ ಮೊದಲು ಫೋನು ಮಾಡಿ ವಿಚಾರಿಸಿದ್ದು ಅವರನ್ನೇ.

*

"ಅಂದ್ರ, ಪಟ್ಟಿಗಿಂತ ಮೊದಲ ಕೆಲಸ ಕಡಿಮಿ ಮಾಡ್ರಿ ಅಂತ ಸರಕಾರಕ್ಕ ಬರೀಬೇಕು?" ಪ್ರಯೋಗಾಲಯದಲ್ಲಿ ದೊಡ್ಡಮನಿಯವರು ಪರದೆಯ ಮುಂದಿನಿಂದ ಏಳಲೇ ಇಲ್ಲ.

"ಹೌದ್ರಿ ಸರ್. ಪಟ್ಟಿನೂ ಕೊಡೂಣು. ಆದ್ರ ಭಾರ ತಗೊಂಡಾಕಿ ಅವರ ಕೆಲಸದಾಗ ಒಂದು ತುಣುಕು ತಗೊಂಡು ಮುಗಿಸಬೇಕು. ಒಂದು ಓಣಿ ಜ್ವರ ನೋಡೂದು, ಇಲ್ಲಾ ಒಂದು ಓಣಿ ರೇಷನ್. ಸಂಜೀಕ ಅಕ್ಕೋರು ಅವರ ದಣಿವು ತಗೋಬೇಕು, ನಿದ್ದಿ ಸಲುವಾಗಿ. ನಮ್ಮ ನಿಯಮ ಅಳಿಸಿಬಿಡೂಣು."

"ಯಂತ್ರ ಮಾಡಿದೋರ ಯಂತ್ರ ಸಾಲಂಗಿಲ್ಲ ಅನ್ನೂದು, ಅಡಿಗಿ ಮಾಡಿದಾಕಿ ಉಪವಾಸ ಮಾಡ್ರಿ ಅಂದಂಗಾತು." ಅವರು ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಆ ಎರಡು ಅಲೆಗಳನ್ನೇ ನೋಡಿದರು. ಎಳೆಯ ಹುಡುಗನ ಬೆರಗು ಅವರ ಮುಖದಲ್ಲಿತ್ತು. "ಬರಿ. ಚಲೋ ಬರಿ. ಈ ಅಲಿ ಯಾಕ ಒಡ್ಯಾಂಗಿಲ್ಲ ಅನ್ನೂದು ಇನ್ನಾ ನನಗ ತಿಳಿದಿಲ್ಲ. ತಿಳಿಯೋ ತನಕ ನನಗೂ ನಿದ್ದಿ ಇಲ್ಲ, ಬಿಡು."

ಭಾನುವಾರ ಸಂಜೆಯ ಹೊತ್ತಿಗೆ ಶಮೀಮ್ ವರದಿ ಮುಗಿಸಿ ಕಳಿಸಿದಳು. ನಡುವಿನ ದಿನಗಳಲ್ಲಿ ಕಣವಿಹಾಳದಿಂದ ಮೌನೇಶಪ್ಪ ಸುದ್ದಿ ಮುಟ್ಟಿಸುತ್ತಲೇ ಇದ್ದ. ಹೆಂಗಸರು ಓಣಿಗಳನ್ನು ಹಂಚಿಕೊಂಡಿದ್ದರು. "ಬರೇ ಭಾರ ಹೊತ್ರ ಆತೇನು, ಕೆಲಸಾನೂ ಮುಯ್ಯಿಗೆ ಬರ್ತೈತಿ," ಎಂದು ಫಕೀರವ್ವ ಎಲ್ಲರನ್ನೂ ಎಬ್ಬಿಸಿದ್ದಳು. ಆರೈಕೆ ಕೇಂದ್ರದ ಕಾವಲು ಊರ ಗಂಡಸರ ಪಾಲಿಗೆ ಬಂದಿತ್ತು. ಮೌನೇಶಪ್ಪನೂ ಹೋಗಿ ಕೂತು, ರೋಗಿಗಳಿಗೆ ಕಥೆ ಹೇಳಿ ತಲೆ ತಿನ್ನುತ್ತಿದ್ದನಂತೆ.

ಸೋಮವಾರ. ಶಾಲೆಯ ಜಗಲಿಯ ಮೇಲೆ ಅಕ್ಕೋರು ಕತ್ತು ಬಾಗಿಸಿ ಕೂತರು. ಶಮೀಮ್ ಪಟ್ಟಿ ಕಟ್ಟಿ ಪರದೆ ನೋಡಿದಳು. ಗೆರೆ ಏರಿತು, ಕೆಂಪಿನ ಹತ್ತಿರ ಬಂತು, ಅದರ ಕೆಳಗೇ ನಿಂತಿತು. ಬಹಳ ಕೆಳಗೇನಲ್ಲ, ಒಂದು ಬೆರಳಷ್ಟು.

"ಎಷ್ಟೈತ್ರಿ?"

"ಪಾಠಕ್ಕ ಹೋಗ್ರಿ ಅಕ್ಕೋರ. ಹುಡುಗ್ರು ಕಾಯಾಕತ್ತಾರ."

ಆದರೆ ಅಂಕಿ ಎಲ್ಲವನ್ನೂ ಹೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮಕ್ಕಳು ಬೇವಿನ ಮರದ ಕೆಳಗೆ ದೂರದೂರ ಕೂತಿದ್ದರು, ಮೂತಿಗೆ ಬಟ್ಟೆ ಕಟ್ಟಿಕೊಂಡು. ಎರಡು ವರ್ಷದಲ್ಲಿ ಒಬ್ಬೊಬ್ಬರೂ ಗೇಣುದ್ದ ಬೆಳೆದಿದ್ದರು. ಅಕ್ಕೋರು ಒಬ್ಬೊಬ್ಬರ ಹೆಸರನ್ನೂ ಕಣ್ಣು ನೋಡಿಯೇ ಕರೆದರು. ಆಮೇಲೆ ಏನು ಮಾಡಬೇಕೆಂದು ಯಾರಿಗೂ ನೆನಪಿರಲಿಲ್ಲ.

ಹಿಂದಿನ ಸಾಲಿನಿಂದ ಮಾಳವ್ವ ಕೈ ಎತ್ತಿದಳು. "ಅಕ್ಕೋರ, ಬೂದುಜ್ವರ ಮನಷಾರಿಗೆ ಬರ್ತೈತಿ, ನಮ್ಮ ಕುರಿಗೆ ಯಾಕ ಬರಂಗಿಲ್ರಿ?"

ಅಕ್ಕೋರ ಕೈ ಸೆರಗಿನ ಕಡೆ, ಕಿವಿಯ ಕಡೆ ಹೋಯಿತು. ಶಮೀಮ್ ಉಸಿರು ಹಿಡಿದಳು. ಬೇಲಿಯಾಚೆ ನಿಂತಿದ್ದ ಫಕೀರವ್ವನೂ ಹಿಡಿದಳು. ಕೈ ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಕಿವಿಯ ಹಿಂದಿನ ಕೂದಲನ್ನು ಸರಿಮಾಡಿ ಕೆಳಗಿಳಿಯಿತು.

"ಯಾಕ ಬರಂಗಿಲ್ಲ?" ಅಕ್ಕೋರು ತಮ್ಮಷ್ಟಕ್ಕೇ ಹೇಳಿಕೊಂಡಂತೆ ಅಂದರು. ಇನ್ನೊಮ್ಮೆ ಅಂದರು, ಈ ಸಲ ರುಚಿ ನೋಡಿದ ಹಾಗೆ. "ನನಗೂ ಗೊತ್ತಿಲ್ಲಲೇ ಮಾಳವ್ವ. ಕುರಿ ಕೂಡ ಇರಾಕಿ ನೀನು. ನಿನಗೇನನಸ್ತೈತಿ?"

"ಕುರಿ ಕೈ ತೊಳಕೊಳ್ಳಂಗಿಲ್ಲ, ಆದ್ರೂ ಬರಂಗಿಲ್ಲ!" ಎಂದಿತು ಇನ್ನೊಂದು ಕೂಸು. "ಮೈತುಂಬ ಉಣ್ಣಿಕೂದಲಾ ಇರ್ತೈತಲ್ರಿ, ಅದಕ್ಕ!" "ಹುಚ್ಚಿ, ಉಣ್ಣಿ ಇದ್ರ ಜಾಸ್ತಿ ಬರ್ತೈತಿ!" ಮರದ ಕೆಳಗೆ ಗದ್ದಲವೆದ್ದಿತು. ಅಕ್ಕೋರು ಕರಿಹಲಗೆಯ ಕಡೆ ತಿರುಗಿ ಕುರಿಯ ಚಿತ್ರ ಬರೆಯತೊಡಗಿದರು.

ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಶಮೀಮಳಿಗೆ ಆಗ ಗೊತ್ತಾಯಿತು, ತಾನು ವಾರವಿಡೀ ಸರಿಯಾಗಿ ಮಲಗಿಲ್ಲವೆಂದು. ಕೆಲಸ ಮುಗಿದಿತ್ತು. ಎಲುಬೆಲುಬಿನಲ್ಲೂ ಸೀಸ ಇಳಿಬಿಟ್ಟಂತೆ ದಣಿವು. ಕಣ್ಣು ಎಳೆದವು. ಮಕ್ಕಳ ಗದ್ದಲ ದೂರದ ಹಕ್ಕಿಗಳ ಸದ್ದಾಯಿತು.

ಎಚ್ಚರವಾದಾಗ ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು. ಮೈ ಹತ್ತಿಯಷ್ಟು ಹಗುರ. ಇಷ್ಟು ಸಣ್ಣ ನಿದ್ದೆಗೆ ಇಷ್ಟು ಹಗುರವೇ ಎಂದು ಸೋಜಿಗಪಡುತ್ತ ಕತ್ತು ಸವರಿಕೊಂಡಳು. ಬೆರಳಿಗೆ ಪಟ್ಟಿ ಸಿಕ್ಕಿತು. ಅದನ್ನು ಅವಳು ಕಟ್ಟಿಕೊಂಡಿರಲಿಲ್ಲ.

ಮರದ ಕೆಳಗೆ ನೋಡಿದಳು. ಅಕ್ಕೋರ ಸೆರಗಿನ ಅಂಚಿನಲ್ಲಿ ಇನ್ನೊಂದು ಪಟ್ಟಿಯ ತುದಿ ಇಣುಕುತ್ತಿತ್ತು. ಅವರು ಇವಳ ಕಡೆ ತಿರುಗಲಿಲ್ಲ. ಮುಖಗವಸಿನೊಳಗೇ ದೀರ್ಘವಾಗಿ ಆಕಳಿಸಿ, ಸೀಮೆಸುಣ್ಣವನ್ನು ಮತ್ತೆ ಹಲಗೆಗೆ ಹಚ್ಚಿ, ಕುರಿಗೆ ನಾಲ್ಕನೆಯ ಕಾಲು ಬರೆದರು.